ತುಂಬೆಯ ಹೂವಿಗೆ ಎಸಳು ಎಷ್ಟು?

ಕಳೆದ ದಸರೆಯ ರಜೆಯಲ್ಲಿ ಶ್ರೀರಾಮನಗರದಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಗಂಗಾವತಿಯನ್ನು ಬಿಟ್ಟು ಬಸ್ಸು ಅತ್ತ ಹೊರಟಿತೆಂದರೆ ರಸ್ತೆಯ ಎರಡು ಮಗ್ಗುಲಿಗೂ ಗದ್ದೆಗಳೇ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕರಾವಳಿಯ ರೈತರು ಇತ್ತ ಬಂದು, ಒಣ ನೆಲವನ್ನು ಹದಗೊಳಿಸಿ ಭತ್ತ ಬೆಳೆದರು. ಅವರು ಬಿಡಾರ ಹೂಡಿದ ಎಡೆಗಳಿಗೆ ‘ಕ್ಯಾಂಪು’ ಎಂಬ ಹೆಸರೇ ನಿಂತುಹೋಯಿತು. ಅಕ್ಕಿ ಗಿರಣಿಗಳ ಊರು ಇದು. ಕನ್ನಡವೂ ತೆಲುಗೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಮಾತಾಡುವ ಊರು. ತಂಗಿಯ ಯಜಮಾನರು ಅಂಥದೊಂದು ಗಿರಣಿಯಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದಾರೆ.

ನಾನು ಹೋದಾಗ ತಂಗಿಯ ಮಗಳು ಪಡಸಾಲೆಯಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದಳು. ನಾಲ್ಕನೆಯ ತರಗತಿಯ ಹುಡುಗಿ. ಎದುರಿಗೆ ಚಿತ್ರದ ಪುಸ್ತಕ, ಪಕ್ಕದಲ್ಲಿ ಬಣ್ಣದ ಡಬ್ಬಿ. ಸಾಮಾನ್ಯವಾಗಿ ನನ್ನ ಕೈಚೀಲದ ಮೇಲೆ ಬೀಳುವವಳು ಅಂದು ಎದ್ದು ಬರಲೇ ಇಲ್ಲ. ಏನು ಸಮಾಚಾರವೆಂದು ಕೇಳಿದ್ದಕ್ಕೆ ಪುಸ್ತಕವನ್ನು ನನ್ನ ಕಡೆಗೆ ತಳ್ಳಿದಳು.

ಪುಟದ ಮೇಲೆ ಒಂದು ತುಂಬೆಯ ಗಿಡ. ಕೈ ಇನ್ನೂ ಎಳೆಯದು. ಗೆರೆ ಅಲ್ಲಲ್ಲಿ ಅಡ್ಡಾದಿಡ್ಡಿಯಾಗಿ ಓಡಿತ್ತು. ಆದರೂ ಗಿಡ ತುಂಬೆಯದೇ ಎಂಬುದರಲ್ಲಿ ಸಂಶಯವಿರಲಿಲ್ಲ. ಗೆಣ್ಣಿನ ಸುತ್ತ ಚೆಂಡಿನಂತೆ ಕಟ್ಟಿದ ಹಸಿರು ಗುಚ್ಛ, ಅದರಿಂದ ಹೊರಗೆ ಚಾಚಿದ ಪುಟ್ಟ ಪುಟ್ಟ ನಾಲಗೆಗಳು. ಅದರ ಕೆಳಗೆ ಕೆಂಪು ಮಸಿಯಲ್ಲಿ ಒಂದು ಸಾಲು: ಹೂವಿಗೆ ಐದು ಎಸಳು ಬರೆಯಬೇಕು. ಪಕ್ಕದಲ್ಲಿ ಹತ್ತಕ್ಕೆ ನಾಲ್ಕು ಅಂಕ.

“ಮಾಮಾ, ಹೂ ಇದ್ದಂಗ ಬರದೀನ್ರಿ ನಾ. ಮತ್ತ ಯಾಕ ತಪ್ಪ ಅಂದ್ರು? ನೀವರ ಹೇಳ್ರಿ, ತುಂಬಿ ಹೂವಿಗೆ ಎಷ್ಟ ಎಸಳ?”

ಓದುಗರೇ, ನಾನು ಉತ್ತರ ಹೇಳಲಾರದೆ ಹೋದೆ. ಬಾಲ್ಯದಿಂದ ಇಂದಿನವರೆಗೆ ಎಷ್ಟು ಶಿವರಾತ್ರಿಗಳು ಬಂದು ಹೋದವು! ಪ್ರತಿ ಸಲವೂ ಬೊಗಸೆ ತುಂಬ ತುಂಬೆಯ ಹೂವನ್ನು ಲಿಂಗದ ಮೇಲೆ ಏರಿಸಿದ್ದೇನೆ. ಅದರ ಬಿಳುಪನ್ನು ಹಾಲಿಗೂ ಹಲ್ಲಿಗೂ ಹೋಲಿಸಿ ಬರೆದದ್ದೂ ಉಂಟು. ಆದರೆ ಒಂದೇ ಒಂದು ಹೂವನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದ್ದಿಲ್ಲ. ದೇವರಿಗೆ ಕೊಟ್ಟದ್ದೇನೆಂಬುದು ಕೊಟ್ಟವನಿಗೇ ತಿಳಿಯದು!

“ಇನ್ನ ಮ್ಯಾಲ ಐದ ಎಸಳಿನ ಹೂವನ ಬರೀತೀನಿ ಬಿಡ್ರಿ” ಎಂದು ಹುಡುಗಿ ಡಬ್ಬಿಯ ಮುಚ್ಚಳ ಹಾಕಿದಳು. ಆ ಮುಚ್ಚಳದ ಸದ್ದು ನನಗೆ ಹಿತವೆನಿಸಲಿಲ್ಲ. ನಾವೆಲ್ಲರೂ ಯಾವುದೋ ಒಂದು ದಿನ ಹೀಗೆಯೇ ಡಬ್ಬಿಯ ಮುಚ್ಚಳ ಹಾಕಿದವರು. ಅಂದಿನಿಂದ ನಮಗೆ ಮನೆಯೆಂದರೆ ತ್ರಿಕೋನದ ಸೂರು, ಬೆಟ್ಟವೆಂದರೆ ಎರಡು ಗೋಪುರಗಳ ನಡುವೆ ನಗುವ ಸೂರ್ಯ, ಹೂವೆಂದರೆ ನಡುವೆ ಒಂದು ಬಟ್ಟು, ಸುತ್ತ ಐದು ಎಸಳು. ಕಣ್ಣು ಕೆಲಸ ಬಿಟ್ಟಿತು. ಕೈ ಮಾತ್ರ ಪಾಠ ಒಪ್ಪಿಸುತ್ತ ಹೋಯಿತು.

ಆಗ ನನಗೆ ನೆನಪಾದವಳು ಬಿಯಾಟ್ರಿಕ್ಸ್ ಪಾಟರ್. ಮೊಲದ ಮರಿ ಪೀಟರನ ಕಥೆಯನ್ನು ಇಂಗ್ಲಿಷ್ ಓದುವ ಮಕ್ಕಳಲ್ಲಿ ಕೇಳದವರು ಕಡಮೆ. ನೀಲಿ ಅಂಗಿ ತೊಟ್ಟ ಆ ಮೊಲವನ್ನು ಬರೆದವಳು 1866ರಲ್ಲಿ ಲಂಡನ್ನಿನ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದಳು. ಶಾಲೆಗೆ ಹೋಗಲಿಲ್ಲ, ಮನೆಯಲ್ಲೇ ಪಾಠ. ಸಣ್ಣವಳಿದ್ದಾಗಿನಿಂದ ಹೂ, ಎಲೆ, ಹುಳು, ಮೊಲ ಇವುಗಳನ್ನು ಎದುರಿಗಿಟ್ಟುಕೊಂಡು ಜಲವರ್ಣದಲ್ಲಿ ಬರೆಯುವುದು ಅವಳ ಅಭ್ಯಾಸ. ಹೂವಿನಿಂದ ನಾಯಿಕೊಡೆಗಳತ್ತ ಅವಳ ಮನಸ್ಸು ತಿರುಗಿತು. ಸ್ಕಾಟ್ಲೆಂಡಿನಲ್ಲಿ ಚಾರ್ಲ್ಸ್ ಮ್ಯಾಕಿಂಟಾಷ್ ಎಂಬ ಅಂಚೆಯವನಿದ್ದ. ದಿನವೂ ಕಾಡುದಾರಿಯಲ್ಲಿ ನಡೆದು ಕಾಗದ ಹಂಚುತ್ತ ಗಿಡಮೂಲಿಕೆಗಳ ಪಂಡಿತನೇ ಆಗಿಹೋಗಿದ್ದವನು. ಅವನು ಅಂಚೆಯಲ್ಲಿ ಅಣಬೆಗಳನ್ನು ಕಳುಹಿಸುವನು. ಇವಳು ಅವುಗಳ ಚಿತ್ರವನ್ನು ಬರೆದು ಅವನಿಗೆ ಕಳುಹಿಸುವಳು. ಅಂಚೆಯ ಇಲಾಖೆಗೆ ಇದಕ್ಕಿಂತ ಒಳ್ಳೆಯ ಕೆಲಸ ಎಂದಾದರೂ ಸಿಕ್ಕಿತ್ತೋ ಇಲ್ಲವೋ!

ನೋಡಿ ನೋಡಿ ಬರೆದವಳಿಗೆ ಸಂದೇಹಗಳು ಹುಟ್ಟಿದವು. ಅಣಬೆಯ ಬೀಜಾಣು ಮೊಳೆಯುವುದು ಹೇಗೆ? ಮನೆಯಲ್ಲಿಯೇ ಮೊಳೆಯಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಒಂದು ಪ್ರಬಂಧ ಬರೆದಳು. 1897ರ ಏಪ್ರಿಲ್ 1ರಂದು ಲಂಡನ್ನಿನ ಲಿನೀಯನ್ ಸೊಸೈಟಿಯಲ್ಲಿ ಅದರ ಮಂಡನೆಯಾಯಿತು. ಆದರೆ ಮಂಡಿಸಿದವಳು ಅವಳಲ್ಲ. ಹೆಂಗಸರಿಗೆ ಆ ಸಭೆಯ ಬಾಗಿಲು ತೆರೆದಿರಲಿಲ್ಲ. ಕ್ಯೂ ಸಸ್ಯೋದ್ಯಾನದ ಜಾರ್ಜ್ ಮ್ಯಾಸಿ ಎಂಬವರು ಅವಳ ಪರವಾಗಿ ಅದನ್ನು ಮುಂದಿಟ್ಟರು. ಪ್ರಬಂಧ ಅಚ್ಚಾಗಲಿಲ್ಲ; ಇಂದು ಅದರ ಪ್ರತಿಯೂ ಉಳಿದಿಲ್ಲ. ನೂರು ವರ್ಷ ಕಳೆದು 1997ರಲ್ಲಿ ಆ ಸಂಸ್ಥೆಯ ಕಡೆಯಿಂದಲೇ, ಆಕೆಯನ್ನು ನಡೆಸಿಕೊಂಡ ರೀತಿ ಸರಿಯಲ್ಲವೆಂಬ ಒಪ್ಪಿಗೆಯ ಮಾತು ಬಂತು.

ದೊಡ್ಡವರು ಮುಚ್ಚಿದ ಬಾಗಿಲ ಮುಂದೆ ಅವಳು ಅಳುತ್ತ ಕೂರಲಿಲ್ಲ. 1893ರಲ್ಲಿ, ಕಾಯಿಲೆ ಬಿದ್ದಿದ್ದ ಒಬ್ಬ ಹುಡುಗನಿಗೆ ಕಾಗದದಲ್ಲಿ ಬರೆದು ಕಳುಹಿಸಿದ್ದ ಮೊಲದ ಕಥೆಯನ್ನು ಮತ್ತೆ ಕೈಗೆತ್ತಿಕೊಂಡಳು. 1901ರಲ್ಲಿ ತನ್ನ ಖರ್ಚಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದಳು. 1902ರಲ್ಲಿ ಫ್ರೆಡರಿಕ್ ವಾರ್ನ್ ಎಂಬ ಪ್ರಕಾಶನದವರು ಅದನ್ನು ಹೊರತಂದರು. ಮುಂದಿನ ಕಥೆ ಎಲ್ಲರಿಗೂ ಗೊತ್ತು. ಆದರೆ ಒಂದು ಮಾತನ್ನು ಗಮನಿಸಬೇಕು. ಅವಳ ಮೊಲ ಅಂಗಿ ತೊಟ್ಟರೂ ಮೊಲವೇ. ಅವಳ ಬಾತುಕೋಳಿ ಟೋಪಿ ಇಟ್ಟರೂ ಬಾತುಕೋಳಿಯೇ. ಆ ಬಾತುಕೋಳಿ ನರಿರಾಯನನ್ನು ಸಂಧಿಸುವ ಪುಟದಲ್ಲಿ ಎದ್ದು ನಿಂತಿರುವ ಫಾಕ್ಸ್‌ಗ್ಲೋವ್ ಹೂಗಳನ್ನು ನೋಡಿರಿ: ಗಂಟೆಯಂಥ ಒಂದೊಂದು ಹೂವೂ ತಾನಿರಬೇಕಾದ ಎಡೆಯಲ್ಲೇ ತೂಗುತ್ತಿದೆ. ಮಕ್ಕಳಿಗೆ ತಾನೆ, ಹೇಗೆ ಬರೆದರೇನು ಎಂದು ಅವಳು ಒಂದು ಎಸಳನ್ನೂ ಸುಮ್ಮನೆ ಬರೆಯಲಿಲ್ಲ. ಕಥೆ ಸುಳ್ಳಾಗಿದ್ದರೂ ಮಕ್ಕಳು ಅದನ್ನು ನಂಬಿದ್ದು, ಕಥೆಯ ಸುತ್ತಲಿನ ಹೂ ನಿಜವಾಗಿದ್ದುದರಿಂದಲೇ ಇರಬೇಕು. ಅವಳು ತೀರಿಕೊಂಡದ್ದು 1943ರಲ್ಲಿ. 1967ರಲ್ಲಿ ಅದೇ ವಾರ್ನ್ ಪ್ರಕಾಶನದವರು ಅಣಬೆಗಳ ಮೇಲೆ ಒಂದು ಶಾಸ್ತ್ರಗ್ರಂಥವನ್ನು ಹೊರತಂದಾಗ ಅದರಲ್ಲಿ ಅವಳ 59 ಚಿತ್ರಗಳನ್ನು ಸೇರಿಸಿದರು. ಕಣ್ಣು ಸತ್ಯವನ್ನು ಕಂಡಿದ್ದರೆ ಕಾಲ ಅದನ್ನು ಕಾದುಕೊಂಡಿರುತ್ತದೆ.

ಇನ್ನೊಬ್ಬಳು ಸಿಸಿಲಿ ಮೇರಿ ಬಾರ್ಕರ್. 1923ರಲ್ಲಿ ಹೊರಬಂದ ಅವಳ ‘ವಸಂತದ ಹೂಗಳ ಕಿನ್ನರಿಯರು’ ಎಂಬರ್ಥದ ಪುಸ್ತಕದಲ್ಲಿ ಒಂದೊಂದು ಹೂವಿಗೂ ಒಂದೊಂದು ಪುಟ್ಟ ಕಿನ್ನರಿ. ಕಿನ್ನರಿಯರು ಕಲ್ಪನೆ, ಹೂ ಕಲ್ಪನೆಯಲ್ಲ. ಅಕ್ಕ ನಡೆಸುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಎದುರಿಗೆ ನಿಲ್ಲಿಸಿ, ಆಯಾ ಹೂವನ್ನು ಅವರ ಕೈಗೆ ಕೊಟ್ಟು ಬರೆಯುತ್ತಿದ್ದಳು. 24 ಚಿತ್ರ, ಅವುಗಳ ಪದ್ಯ, ಎಲ್ಲಕ್ಕೂ ಸೇರಿ ಅವಳಿಗೆ ಸಿಕ್ಕಿದ್ದು 25 ಪೌಂಡು.

ದೂರದ ಮಾತು ಏಕೆ? ನಮ್ಮ ಶಿವಮೊಗ್ಗೆಯಲ್ಲಿಯೇ ಒಂದು ಕಥೆ ನಡೆದಿದೆ. 1840ರ ದಶಕದಲ್ಲಿ ಅಲ್ಲಿ ಕಂಪನಿಯ ವೈದ್ಯನಾಗಿ ಹ್ಯೂ ಕ್ಲೆಗ್‌ಹಾರ್ನ್ ಎಂಬವನಿದ್ದ. ದಿನಕ್ಕೊಂದು ಗಿಡವನ್ನು ಅಭ್ಯಾಸ ಮಾಡು ಎಂದು ಹಿರಿಯ ಸಸ್ಯಶಾಸ್ತ್ರಜ್ಞರೊಬ್ಬರು ಹೇಳಿದ್ದ ಬುದ್ಧಿಮಾತನ್ನು ಪಾಲಿಸಿ, ಒಬ್ಬ ಮರಾಠಿ ಚಿತ್ರಗಾರನನ್ನು ಇಟ್ಟುಕೊಂಡು ಮಲೆನಾಡಿನ ಗಿಡಗಳ ಚಿತ್ರ ಬರೆಯಿಸಿದ. ಆ ಹಾಳೆಗಳು ಇಂದು ಎಡಿನ್‌ಬರೋದ ರಾಜೋದ್ಯಾನದಲ್ಲಿ ಜೋಪಾನವಾಗಿವೆ. ಗಿಡಗಳ ಹೆಸರು ಉಳಿದಿದೆ. ಬರೆಯಿಸಿದವನ ಹೆಸರು ಉಳಿದಿದೆ. ಬರೆದ ಕೈಯ ಹೆಸರು ಮಾತ್ರ ಇಲ್ಲ. ಮದರಾಸಿನ ಕಡೆ ರಾಬರ್ಟ್ ವೈಟ್ ಎಂಬ ಸಸ್ಯಶಾಸ್ತ್ರಜ್ಞನಿಗೆ ಬರೆದುಕೊಟ್ಟ ರಂಗಯ್ಯ, ಗೋವಿಂದು ಇವರು ಸ್ವಲ್ಪ ಪುಣ್ಯವಂತರು. ಅವರ ಹೆಸರುಗಳು ಚಿತ್ರದ ಕೆಳಗೆ ಅಚ್ಚಾದವು. ಗೋವಿಂದುವಿನ ಹೆಸರನ್ನಂತೂ ವೈಟ್ ಒಂದು ಸೀತಾಳೆ ದಂಡೆಯ ಜಾತಿಗೇ ಇಟ್ಟ. ನಮ್ಮ ಲಾಲ್‌ಬಾಗಿಗೂ ಚೆಲುವಯ್ಯ ರಾಜು ಎಂಬ ಕಲಾವಿದರು ಸಸ್ಯಚಿತ್ರಗಳನ್ನು ಬರೆದುಕೊಟ್ಟಿದ್ದಾರೆ.

ಈ ಪರಂಪರೆ ಇಂದಿಗೂ ತುಂಡಾಗಿಲ್ಲ. ಬೆಂಗಳೂರಿನ ನಿರುಪಾ ರಾವ್ ಜಲವರ್ಣದಲ್ಲಿ ಗಿಡಮರಗಳನ್ನು ಬರೆಯುವವರು. ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಮೇಲೆ 1976ರಲ್ಲಿ ದೊಡ್ಡ ಗ್ರಂಥವನ್ನು ಹೊರತಂದ ಫಾದರ್ ಸೆಸಿಲ್ ಸಲ್ಡಾನ್ಹಾ ಅವರು ಈಕೆಗೆ ಸಂಬಂಧದಲ್ಲಿ ಅಜ್ಜನಾಗಬೇಕು. ದಿವ್ಯಾ ಮುದ್ದಪ್ಪ ಮತ್ತು ಟಿ. ಆರ್. ಶಂಕರ್ ರಾಮನ್ ಅವರೊಡನೆ ಸೇರಿ 2018ರಲ್ಲಿ ಪಶ್ಚಿಮಘಟ್ಟದ ಹೆಮ್ಮರಗಳ ಪುಸ್ತಕವನ್ನು ಹೊರತಂದರು. ಮುಂದಿನ ವರ್ಷ, ಅಂದರೆ 2019ರಲ್ಲಿ, ಘಟ್ಟದ ವಿಚಿತ್ರ ಸಸ್ಯಗಳನ್ನು ಕುರಿತು ಮಕ್ಕಳಿಗಾಗಿಯೇ ಒಂದು ಚಿತ್ರಪುಸ್ತಕ ಬಂತು. ಶಾಸ್ತ್ರಕ್ಕೆ ಬೇಕಾದ ನಿಖರತೆಯನ್ನು ಮಕ್ಕಳ ಪುಸ್ತಕದಲ್ಲಿಯೂ ಬಿಡದವರ ಸಾಲಿಗೆ ನಮ್ಮ ನಾಡಿನವರೊಬ್ಬರು ಸೇರಿದ್ದಾರೆಂಬುದು ಹಿಗ್ಗಿನ ಮಾತು.

ಇದೇನು, ಕೈಯಲ್ಲಿ ಫೋನು ಹಿಡಿದವರೆಲ್ಲ ಫೋಟೋ ತೆಗೆಯುವ ಕಾಲದಲ್ಲಿ ಹೂವನ್ನು ಕುಳಿತು ಬರೆಯುವುದೇತಕ್ಕೆ ಎಂದು ನೀವು ಕೇಳಬಹುದು. ಯೋಗ್ಯವಾದ ಪ್ರಶ್ನೆ. ಫೋಟೋ ತೆಗೆಯುವುದು ಒಂದು ಕ್ಷಣವನ್ನು. ಅಂದಿನ ಬಿಸಿಲು, ಅಂದಿನ ಗಾಳಿ, ಹುಳು ತಿಂದ ಆ ಒಂದು ಎಲೆ, ಎಲ್ಲವೂ ಅದರಲ್ಲಿ ಬಂದುಬಿಡುತ್ತವೆ. ಸಸ್ಯಚಿತ್ರ ಬರೆಯುವವನು ಒಂದೇ ಹಾಳೆಯಲ್ಲಿ ಮೊಗ್ಗು, ಅರಳಿದ ಹೂ, ಕಾಯಿ, ಬೀಜ ಎಲ್ಲವನ್ನೂ ಜೊತೆಗೂಡಿಸುತ್ತಾನೆ. ಹೂವನ್ನು ಸೀಳಿ ಒಳಗಿನ ಕೇಸರಗಳನ್ನು ಕೆಳಗೆ ಬೇರೆಯಾಗಿ ಬರೆಯುತ್ತಾನೆ. ಹತ್ತು ಗಿಡಗಳನ್ನು ನೋಡಿ, ಯಾವುದು ಆ ಗಿಡದ ಜಾತಿಯ ಗುಣ, ಯಾವುದು ಈ ಒಂದು ಗಿಡದ ಅವಸ್ಥೆ ಎಂದು ತೀರ್ಮಾನಿಸುತ್ತಾನೆ. ಅದು ಕೈಯ ಕೆಲಸವೆಂದು ತೋರುತ್ತದೆ. ನಿಜವಾಗಿ ವಿವೇಚನೆಯ ಕೆಲಸ.

ಇದೆಲ್ಲವನ್ನೂ ಒಂಬತ್ತು ವರ್ಷದ ಹುಡುಗಿಗೆ ಹೇಳಲಾದೀತೆ? ಹೇಳಲಿಲ್ಲ. “ಬಾ, ಇಬ್ಬರೂ ನೋಡೋಣ” ಎಂದೆ, ಅಷ್ಟೆ. ಹಿತ್ತಲ ಬೇಲಿಯ ಬುಡದಲ್ಲಿ ತುಂಬೆ ಬೇಕಾದಷ್ಟಿತ್ತು. ಪಕ್ಕದ ಮನೆಯ ತೆಲುಗಿನ ಮುದುಕಮ್ಮ “ತುಮ್ಮಿ ಪೂವಾ?” ಎಂದು ನಗುತ್ತ ಒಂದು ಕೊನೆಯನ್ನು ಚಿವುಟಿ ಕೊಟ್ಟರು. ನಾನು ಪಂಚಾಂಗ ಓದಲು ಇಟ್ಟುಕೊಂಡಿರುವ ಭೂತಗನ್ನಡಿಯನ್ನು ಹೊರತೆಗೆದೆ.

ಆಹಾ! ಬೊಗಸೆಗೆ ನೂರು ತುಂಬುವ ಆ ಹೂವಿನ ಒಳಗೆ ಎಷ್ಟು ಏರ್ಪಾಟು! ಹಲ್ಲುಹಲ್ಲಾದ ಹಸಿರು ಬಟ್ಟಲು. ಅದರಿಂದ ಹೊರಟ ಬಿಳಿಯ ಕೊಳವೆ. ಕೊಳವೆಯ ಬಾಯಿಗೆ ಎರಡು ತುಟಿ. ಮೇಲಿನ ತುಟಿ ಚಿಕ್ಕದು, ಕುಲಾವಿಯಂತೆ ಬಾಗಿದೆ. ಅದರ ಬೆನ್ನಿನ ಮೇಲೆ ನವಿರಾದ ಬಿಳಿ ರೋಮ. ಆ ಕುಲಾವಿಯ ಅಡಿಯಲ್ಲಿ ನಾಲ್ಕು ಕೇಸರಗಳು ಮಳೆಗೆ ಹೆದರಿದವರಂತೆ ಒತ್ತಿಕೊಂಡು ನಿಂತಿವೆ. ಕೆಳಗಿನ ತುಟಿ ಅಗಲವಾಗಿ ಚಾಚಿದೆ, ಬರುವ ದುಂಬಿಗೆ ಹಾಸಿದ ಮಣೆಯ ಹಾಗೆ.

“ಮಾಮಾ, ಇದು ಕೂಸಿನ ಪಾದ ಇದ್ದಂಗ ಐತ್ರಿ!” ಎಂದಳು ಹುಡುಗಿ.

ಅವಳು ಬರೆದ ‘ನಾಲಗೆ’ ತಪ್ಪಾಗಿರಲಿಲ್ಲ. ಆದರೆ ನ್ಯಾಯಕ್ಕೆ ಇನ್ನೊಂದು ಮಾತನ್ನೂ ಹೇಳಬೇಕು. ಕೆಳಗಿನ ತುಟಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಅದು ಮೂರು ಪಾಲು. ನಡುವಿನದು ದೊಡ್ಡದು, ಅಕ್ಕಪಕ್ಕದವು ಸಣ್ಣವು. ಮೇಲಿನ ತುಟಿಯಾದರೋ ಎರಡು ಎಸಳು ಕೂಡಿ ಆದದ್ದು ಎಂದು ಶಾಸ್ತ್ರ ಹೇಳುತ್ತದೆ. ಎರಡು ಮತ್ತು ಮೂರು, ಐದು! ತುಂಬೆಗೂ ತುಳಸಿಗೂ ಅವುಗಳ ಬಳಗಕ್ಕೆಲ್ಲ ಐದು ಎಸಳು ಬೆಸೆದು ಹೀಗೆ ಎರಡು ತುಟಿಯಾಗಿರುತ್ತವೆ. ಹಾಗಾದರೆ ಕೆಂಪು ಮಸಿಯೂ ಪೂರಾ ಸುಳ್ಳಾಡಿರಲಿಲ್ಲ. ಲೆಕ್ಕ ಸರಿಯಾಗಿತ್ತು, ಆದರೆ ಹೂವನ್ನು ನೋಡಿ ಹಾಕಿದ ಲೆಕ್ಕ ಅದಾಗಿರಲಿಲ್ಲ. ಹುಡುಗಿ ನೋಡಿದ್ದಳು, ಆದರೆ ಕೊನೆಯವರೆಗೆ ನೋಡಿರಲಿಲ್ಲ. ನಾನಂತೂ ಎರಡನ್ನೂ ಮಾಡಿರಲಿಲ್ಲ. ಮೂವರಲ್ಲಿ ಹತ್ತಕ್ಕೆ ನಾಲ್ಕು ಅಂಕ ಸಲ್ಲಬೇಕಾದ್ದು ಯಾರಿಗೆಂದು ಓದುಗರೇ ಹೇಳಲಿ.

ಮತ್ತೆ ಡಬ್ಬಿಯ ಮುಚ್ಚಳ ತೆರೆಯಿತು. ಆದರೆ ಹೊಸದೊಂದು ತೊಡಕು: ಡಬ್ಬಿಯಲ್ಲಿ ಬಿಳಿಯ ಬಣ್ಣವೇ ಮುಗಿದಿದೆ! ಬಿಳಿಯ ಹೂವನ್ನು ಬಿಳಿಯ ಕಾಗದದ ಮೇಲೆ ಬರೆಯುವುದೆಂತು? ಇಲ್ಲಿಯೇ ಜಲವರ್ಣದ ಗುಟ್ಟಿರುವುದು. ಅದರಲ್ಲಿ ಬಿಳುಪೆಂಬುದು ಬಳಿಯುವ ಬಣ್ಣವಲ್ಲ, ಮುಟ್ಟದೆ ಬಿಟ್ಟ ಕಾಗದ. ಬಣ್ಣವನ್ನು ತೆಳ್ಳಗೆ ನೀರಲ್ಲಿ ಕರಗಿಸಿ ಹಿಂದಿನ ಎಲೆಗೆ ಹಸಿರು ತುಂಬುತ್ತ ಬಂದರೆ, ನಡುವೆ ಬಿಟ್ಟ ಎಡೆಯಲ್ಲಿ ಹೂ ತಾನಾಗಿ ಅರಳುತ್ತದೆ. ಅದರ ಮಡಿಕೆಗೆ ಒಂದಿಷ್ಟು ಬೂದುನೀಲಿಯ ನೆರಳು ಸೋಕಿಸಿದರೆ ಸಾಕು. ತಪ್ಪಿದರೆ ಒರೆಸಿ ತಿದ್ದುವುದು ಕಷ್ಟ. ಆದುದರಿಂದ ಕುಂಚ ಮುಟ್ಟುವುದಕ್ಕೆ ಮುಂಚೆ ಕಣ್ಣು ಕೆಲಸವನ್ನೆಲ್ಲ ಮುಗಿಸಿರಬೇಕು. ಬರೆಯುವಾಗ ಮೊದಲು ಹೂ, ಆಮೇಲೆ ಎಲೆ. ಏಕೆಂದರೆ ಎಲೆ ಸಂಜೆಯವರೆಗೆ ಕಾದೀತು, ಹೂ ಕಾಯದು.

ಮರುದಿನ ಬೆಳಿಗ್ಗೆ ಅವಳು ನನ್ನನ್ನು ಕಾಲುವೆಯ ಆಚೆಯ ಗದ್ದೆಗೆ ಎಳೆದುಕೊಂಡು ಹೋದಳು. ಭತ್ತ ತೆನೆ ಬಿಟ್ಟು ನಿಂತಿತ್ತು. ಹತ್ತು ಗಂಟೆಯ ಬಿಸಿಲು. ಬಾಗಿ ನೋಡಿದರೆ ಒಂದೊಂದು ಕಾಳಿನ ಸಿಪ್ಪೆಯೂ ಕೊಕ್ಕಿನ ಹಾಗೆ ಬಾಯಿ ತೆರೆದಿದೆ; ಆರು ಹಳದಿ ಕೇಸರಗಳು ದಾರದಷ್ಟು ತೆಳುವಾದ ಎಳೆಗಳಿಂದ ಹೊರಗೆ ತೂಗುತ್ತಿವೆ; ಒಳಗೆ ಗರಿಯಂಥ ಎರಡು ಕುಚ್ಚು.

“ಮಾಮಾ, ನೆಲ್ಲಿನ ಹೂವಿಗೆ ಎಸಳ ಇಲ್ರಿ!”

ಹೌದು, ಇಲ್ಲ. ಗಾಳಿಯನ್ನು ನಂಬಿದ ಹೂವಿಗೆ ಅಲಂಕಾರವೇಕೆ? ಒಂದು ಹೂ ತೆರೆದಿರುವುದು ಹೆಚ್ಚೆಂದರೆ ಗಂಟೆಯೋ ಎರಡು ಗಂಟೆಯೋ. ಒಮ್ಮೆ ಮುಚ್ಚಿದ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಒಳಗೆ ಅಕ್ಕಿ ಕಟ್ಟುತ್ತದೆ. ಆ ಒಂದು ಗಳಿಗೆಯಲ್ಲಿ ಜೋರು ಮಳೆ ಬಿದ್ದರೆ ಕಾಳು ಜೊಳ್ಳಾಗುತ್ತದೆ. ಊರಿನ ಗಿರಣಿಗಳು, ಲಾರಿಗಳು, ತಂಗಿಯ ಯಜಮಾನರ ಲೆಕ್ಕದ ಪುಸ್ತಕ, ನಮ್ಮ ನಿಮ್ಮ ತಟ್ಟೆಯ ಅನ್ನ, ಎಲ್ಲವೂ ನಿಂತಿರುವುದು ಈ ಎಸಳಿಲ್ಲದ ಹೂವಿನ ಮೇಲೆ. ಅನ್ನವನ್ನು ದೇವರೆನ್ನುವ ನಾವು ಅದರ ಹೂವನ್ನು ಒಮ್ಮೆಯೂ ನೋಡದೆ ಮುದುಕರಾಗುತ್ತೇವೆ. ನಾಚಿಕೆಯಿಂದ ಹೇಳುತ್ತೇನೆ, ನಾನು ಅದನ್ನು ನೋಡಿದ್ದು ಅಂದೇ ಮೊದಲು.

ರಜೆ ಮುಗಿದು ಹದಿನೈದು ದಿನಕ್ಕೆ ತಂಗಿಯ ಕಾಗದ ಬಂತು. ಜೊತೆಗೆ ಹುಡುಗಿಯ ಅಕ್ಷರದಲ್ಲಿ ನಾಲ್ಕು ಸಾಲು. ತುಂಬೆಯ ಕೊನೆಯನ್ನು ಶಾಲೆಗೆ ಒಯ್ದಿದ್ದಳಂತೆ. ಟೀಚರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರಂತೆ. ಅಂಕವನ್ನೇನೂ ತಿದ್ದಲಿಲ್ಲ, ಏನೂ ಹೇಳಲೂ ಇಲ್ಲ. ಆದರೆ ಕೊನೆಯನ್ನು ಹಿಂದಿರುಗಿ ಕೊಡದೆ ತಮ್ಮ ಪುಸ್ತಕದ ನಡುವೆ ಇಟ್ಟುಕೊಂಡರಂತೆ. ಈಗ ಅವಳು ಎಕ್ಕದ ಹೂ ಬರೆಯುತ್ತಿದ್ದಾಳೆ. ಪ್ರತಿ ಚಿತ್ರದ ಕೆಳಗೆ ತಾರೀಖು ಹಾಕುತ್ತಾಳೆ. ತನ್ನ ಹೆಸರನ್ನೂ ಬರೆಯುತ್ತಾಳೆ.

ಹೆಸರು ಬರೆಯುವುದನ್ನು ಮರೆಯಬೇಡವೆಂದು ನಾನೇ ಹೇಳಿ ಬಂದಿದ್ದೆ. ಶಿವಮೊಗ್ಗೆಯ ಆ ಚಿತ್ರಗಾರನ ನೆನಪು ಮನಸ್ಸಿನಲ್ಲಿತ್ತು.

ಈ ಭಾನುವಾರ ನಿಮ್ಮ ಮನೆಯ ಅಂಗಳದಲ್ಲೋ, ಮಹಡಿಯ ಕುಂಡದಲ್ಲೋ, ಪೂಜೆಯ ಬುಟ್ಟಿಯಲ್ಲೋ ಇರುವ ಒಂದೇ ಒಂದು ಹೂವನ್ನು ಮಗುವಿನೊಡನೆ ಕುಳಿತು ನೋಡಿರಿ. ಬರೆಯಲು ಬಾರದಿದ್ದರೂ ಚಿಂತೆಯಿಲ್ಲ. ಎಸಳು ಎಷ್ಟೆಂದು ಮಗು ಕೇಳಿದರೆ ಉತ್ತರ ಹೇಳುವ ಆತುರ ಬೇಡ. ಮೊದಲು ಎಣಿಸಿರಿ.